ಬೀಗದಜ್ಜಿಯ ಕೊನೆಯ ಮಾತು

ಬುಧವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ನಮ್ಮ ಕಚೇರಿಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಹಾಗೆ ನಟಿಸುತ್ತಾರೆ, ಅಷ್ಟೆ. ಎಲ್ಲರ ಕಣ್ಣೂ ಮೇಜಿನ ಕೆಳಗೆ ಹಿಡಿದ ಫೋನಿನ ಮೇಲೆ. ಕಾಮಿಕ್ಸ್ ಲೋಕದ ಸುದ್ದಿ ಬರೆಯುವ ಪುಣ್ಯಾತ್ಮರೊಬ್ಬರಿದ್ದಾರೆ. ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ. ‘ಸೂಜಿ’ ಅಂತ ಹೆಸರಿಟ್ಟುಕೊಂಡು ಪ್ರತಿ ಬುಧವಾರ ಒಂಬತ್ತಕ್ಕೆ ಸರಿಯಾಗಿ ತಮ್ಮ ಪುಟದಲ್ಲಿ ಚುಚ್ಚುತ್ತಾರೆ. ಈ ವಾರ ಯಾವ ಹೊಸ ಪುಸ್ತಕ ಬಿಡುಗಡೆ, ಯಾವ ಚಿತ್ರಕಾರ ಯಾವ ಸಂಸ್ಥೆ ಬಿಟ್ಟು ಎಲ್ಲಿಗೆ ಹಾರಿದ, ಯಾವ ಸರಣಿಗೆ ಮಂಗಳ ಹಾಡಿದರು, ಎಲ್ಲ ಅಲ್ಲಿ ಸಿಗುತ್ತದೆ. ಬೇರೆಯವರ ಮನೆ ಸುದ್ದಿ ಇದ್ದರೆ ನಾವು ಚಪ್ಪರಿಸಿಕೊಂಡು ಓದುತ್ತೇವೆ. ಆ ಬುಧವಾರ ನಮ್ಮದೇ ಮನೆ ಸುದ್ದಿ ಇತ್ತು.

“ಬೀಗದಜ್ಜಿ ಸಾಯುತ್ತಾಳೆ. ಮುಂದಿನ ತಿಂಗಳ ಇನ್ನೂರನೇ ಸಂಚಿಕೆಯೇ ಅವಳ ಕೊನೆಯ ಸಾಹಸ.”

ಬೀಗದಜ್ಜಿ ನಮ್ಮ ಸಂಸ್ಥೆಯ ಅನ್ನದಾತೆ. ತಲೆಯಿಂದ ಒಂದು ಪಿನ್ನು ತೆಗೆದು ಯಾವ ಬೀಗವನ್ನಾದರೂ ಬಿಚ್ಚುವ, ಒಳಗೆ ಸಿಕ್ಕಿಬಿದ್ದವರನ್ನು ಹೊರಗೆ ಎಳೆದು ತರುವ, ಬಾಯಿ ಸ್ವಲ್ಪ ಜೋರಿರುವ ಮುದುಕಿ. ಹದಿನೇಳು ವರ್ಷದಿಂದ ಅವಳ ಮಾತೆಲ್ಲ ನಾನೇ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಅಂದರೆ ಕತೆಯಲ್ಲ, ಅಕ್ಷರ. ಪಾತ್ರಗಳ ಬಾಯಿಂದ ಹೊರಡುವ ಬಿಳಿ ಗುಳ್ಳೆಗಳಿವೆಯಲ್ಲ, ಅವುಗಳ ಒಳಗಿನದೆಲ್ಲ ನನ್ನ ಕೈಬರಹ. ಒಟ್ಟು ಇಪ್ಪತ್ತಾರು ವರ್ಷದ ಕಸುಬು. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಜೋತುಬೀಳುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೇಳುತ್ತದೆ. ಇವೆರಡೂ ಡಿಕ್ಕಿ ಹೊಡೆಯದ ಹಾಗೆ ಹೆಬ್ಬೆಟ್ಟಿನಷ್ಟು ಗುಳ್ಳೆಯಲ್ಲಿ ನಾಲ್ಕು ಸಾಲು ಕೂರಿಸಿ ನೋಡಿ, ಆಮೇಲೆ ನನ್ನ ಹತ್ತಿರ ಮಾತಾಡಿ. ಕತೆ ಬರೆದವರ ಹೆಸರು ಮುಖಪುಟದಲ್ಲಿ ಬರುತ್ತದೆ. ನನ್ನದು ಒಳಗೆಲ್ಲೋ ಇರುವೆ ಗಾತ್ರದಲ್ಲಿ ಇರುತ್ತದೆ. ಇರಲಿ.

ಹತ್ತೂವರೆಗೆ ಸಂಪಾದಕಿ ಮೇಡಂ ನಾಲ್ಕು ಜನರನ್ನು ಒಳಗೆ ಕರೆದರು. ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುವ ಹೆಂಗಸು ಅವರು. ಆ ದಿನ ಕನ್ನಡಕ ಕಣ್ಣಿನ ಮೇಲೇ ಇತ್ತು. ಅದು ಒಳ್ಳೆಯ ಲಕ್ಷಣವಲ್ಲ.

“ಅಜ್ಜಿ ಸಾಯ್ತಾಳೆ ಅಂತ ಗೊತ್ತಿದ್ದಿದ್ದು ನನ್ನ ಬಿಟ್ರೆ ನಾಲ್ಕೇ ಜನಕ್ಕೆ. ನಾಲ್ಕೂ ಜನ ಇಲ್ಲೇ ಕೂತಿದೀರಿ,” ಎಂದರು. “ಯಾರು ಅಂತ ನೀವಾಗೇ ಹೇಳಿದ್ರೆ ಬೈದು ಬಿಟ್ಬಿಡ್ತೀನಿ. ನಾನಾಗಿ ಕಂಡುಹಿಡಿದ್ರೆ ಅವತ್ತೇ ಮನೆಗೆ. ಇನ್ಯಾವ ಪ್ರಕಾಶಕರೂ ಬಾಗಿಲಿಗೆ ಸೇರಿಸ್ದಿರೋ ಹಾಗೂ ನೋಡ್ಕೋತೀನಿ.”

ನಾನು ಉಳಿದ ಮೂವರ ಮುಖ ನೋಡಿದೆ. ನಾನು ಹುಟ್ಟಾ ಅನುಮಾನದ ಮನುಷ್ಯ, ಮುಚ್ಚಿಡುವುದೇನು. ಅಂಗಡಿಯವನು ನಗುತ್ತಾ ಮಾತಾಡಿಸಿದರೆ ತೂಕದಲ್ಲಿ ಏನೋ ಮಾಡಿದ್ದಾನೆ ಎಂದುಕೊಳ್ಳುವವನು.

ಮೊದಲನೆಯವಳು ಕತೆಗಾರ್ತಿ. ಅಜ್ಜಿಯನ್ನು ಸಾಯಿಸಬೇಕು ಎಂದು ಮೇಡಂ ಹೇಳಿದ ದಿನ ಇದೇ ಕೋಣೆಯಲ್ಲಿ ಕಾಗದ ಎಸೆದು ಹೋಗಿದ್ದಳು. ಓದುಗರೆಲ್ಲ ಗಲಾಟೆ ಮಾಡಿ ಅಜ್ಜಿಯನ್ನು ಉಳಿಸಲಿ ಅಂತ ಅವಳೇ ಸುದ್ದಿ ಬಿಟ್ಟಿರಬಹುದು. ಎರಡನೆಯವರು ಚಿತ್ರ ಬರೆಯುವ ಗೆರೆಮಾಮ. ಎಪ್ಪತ್ತರ ಹತ್ತಿರ, ಒಂದು ಕಿವಿ ಮಂದ, ಅವರ ಫೋನಿಗೆ ಬಡಿದುಕೊಳ್ಳುವುದೊಂದನ್ನು ಬಿಟ್ಟು ಬೇರೇನೂ ಬರುವುದಿಲ್ಲ. ಆದರೂ ಹೇಳಲಾಗದು. ಸುಮ್ಮನಿರುವವರನ್ನೇ ಮೊದಲು ನೋಡಬೇಕು.

ಮೂರನೆಯವನು ಬಣ್ಣ ಹಾಕುವವನು. ನನ್ನ ಒಡಹುಟ್ಟಿದ ತಮ್ಮ.

ಹನ್ನೊಂದು ವರ್ಷದ ಹಿಂದೆ ನಾನೇ ಅವನನ್ನು ಇಲ್ಲಿಗೆ ಸೇರಿಸಿದ್ದು. “ನನ್ನ ತಮ್ಮ, ಮೇಡಂ. ಇವನ ಜವಾಬ್ದಾರಿ ನಂದು,” ಎಂದು ಎದೆ ತಟ್ಟಿಕೊಂಡು ಹೇಳಿದ್ದೆ. ಆ ಮಾತು ಈಗ ನನ್ನ ತಲೆಗೇ ಬರುವ ಹಾಗಿತ್ತು. ಯಾಕೆಂದರೆ ಕೆಲವು ತಿಂಗಳಿಂದ, ಅಲ್ಲ, ಕೆಲವು ವರ್ಷದಿಂದಲೇ, ಇವನ ನಡೆ ನನಗೆ ಸರಿಕಂಡಿರಲಿಲ್ಲ. ಅವನ ಕೋಣೆಗೆ ನಾನು ಹೋದ ತಕ್ಷಣ ಕಂಪ್ಯೂಟರಿನ ಪರದೆ ಬದಲಾಯಿಸುತ್ತಿದ್ದ. ಗುರುವಾರ ಮಧ್ಯಾಹ್ನವಾಯಿತೆಂದರೆ ಫೋನು ಹಿಡಿದು ಮೆಟ್ಟಿಲ ಕಡೆ ಹೋಗಿ ಗುಸುಗುಸು ಮಾತಾಡುತ್ತಿದ್ದ. ಎಲ್ಲರೂ ಹೊರಟ ಮೇಲೆ ಅರ್ಧ ಗಂಟೆ, ಒಂದು ಗಂಟೆ ಕೂತಿರುತ್ತಿದ್ದ. ಏನೋ ಅಂತ ಕೇಳಿದರೆ “ಏನಿಲ್ಲ ಕಣೋ, ಸ್ವಲ್ಪ ಉಳಿದಿತ್ತು,” ಎನ್ನುತ್ತಿದ್ದ. ಚಿಕ್ಕಂದಿನಿಂದಲೂ ಗುಮ್ಮನಗುಸಕ. ಏಟು ಬಿದ್ದರೂ ಯಾರು ಹೊಡೆದರು ಅಂತ ಹೇಳುತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

“ಅವನ್ನೇ ಕೇಳಿಬಿಡಬಾರದಾ?” ಎಂದಳು.

“ಕಳ್ಳ ಯಾವತ್ತಾದ್ರೂ ಹೌದು ನಾನೇ ಅಂತಾನಾ?”

“ಓ, ಕಳ್ಳ ಅಂತ ಆಗ್ಲೇ ತೀರ್ಮಾನ ಆಗಿಹೋಯ್ತಾ?”

ಅವಳಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡೆ. ಕೇಳಿದರೆ ಎಚ್ಚರವಾಗಿಬಿಡುತ್ತಾನೆ. ಕೇಳದೆ ಹಿಡಿಯಬೇಕು. ಹೇಗೆ ಹಿಡಿಯಬೇಕು ಅನ್ನುವುದು ನನ್ನ ಕಸುಬಿನಲ್ಲೇ ಇತ್ತು.

ನಮ್ಮ ಕೆಲಸದ ಕ್ರಮ ಹೀಗೆ. ಗೆರೆಮಾಮ ಪುಟ ಬರೆಯುತ್ತಾರೆ. ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ನಾನು ಮಾತುಗಳನ್ನು ಬರೆಯುತ್ತೇನೆ. ಆ ಹಾಳೆಯ ಮೂರು ಜೆರಾಕ್ಸ್ ತೆಗೆಸುತ್ತೇನೆ. ಒಂದು ಕತೆಗಾರ್ತಿಗೆ, ತಪ್ಪು ಹುಡುಕಲು. ಒಂದು ಗೆರೆಮಾಮನಿಗೆ, ಗುಳ್ಳೆ ಯಾರ ಮುಖದ ಮೇಲೂ ಕೂತಿಲ್ಲ ಅಂತ ನೋಡಲು. ಒಂದು ತಮ್ಮನಿಗೆ, ಎಲ್ಲೆಲ್ಲಿ ಬಿಳಿ ಬಿಡಬೇಕೆಂದು ತಿಳಿಯಲು. ಮೂಲ ಹಾಳೆ ಮಾತ್ರ ನನ್ನ ಕೈಯಲ್ಲೇ ಇರುತ್ತದೆ. ಶುಕ್ರವಾರ ಸಂಜೆ ಅದನ್ನು ಖಾಕಿ ಕವರಿನಲ್ಲಿಟ್ಟು ಮೇಡಂ ಕೋಣೆಯ ಟ್ರೇಗೆ ನಾನೇ ಹಾಕುತ್ತೇನೆ. ಅಲ್ಲಿಂದ ಅಚ್ಚಿಗೆ. ಇಪ್ಪತ್ತಾರು ವರ್ಷದಲ್ಲಿ ಒಂದು ಶುಕ್ರವಾರವೂ ತಪ್ಪಿಸಿದವನಲ್ಲ. ಜ್ವರದಲ್ಲಿ ನಡುಗುತ್ತಾ ಬಂದು ಹಾಕಿ ಹೋದದ್ದೂ ಉಂಟು.

ಮುಂದಿನ ಸೋಮವಾರ ಕೊನೆಯ ಪುಟ ನನ್ನ ಮೇಜಿಗೆ ಬಂತು. ಅಜ್ಜಿ ಹಾಸಿಗೆಯಲ್ಲಿ ಮಲಗಿದ್ದಾಳೆ, ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಒಂದೇ ಒಂದು ಗುಳ್ಳೆ. ಕತೆಗಾರ್ತಿ ಬರೆದ ಮಾತು: “ಬಾಗಿಲು ಹಾಕಿಕೊಂಡು ಹೋಗು.” ಮೂಲ ಹಾಳೆಯಲ್ಲಿ ಹಾಗೆಯೇ ಬರೆದೆ. ಕತೆಗಾರ್ತಿಯ ಪ್ರತಿಯೂ ಅದೇ. ತಾನು ಬರೆದ ಮಾತು ಒಂದಕ್ಷರ ಬದಲಾದರೂ ಅವಳು ಕುಣಿದಾಡುತ್ತಾಳೆ. ಗೆರೆಮಾಮನ ಪ್ರತಿಗೆ ಬೇರೆ ಕಾಗದದ ಚೂರಿನಲ್ಲಿ “ಬಾಗಿಲು ಎಳೆದುಕೊಂಡು ಹೋಗು” ಎಂದು ಬರೆದು ಅಂಟಿಸಿ ಜೆರಾಕ್ಸ್ ತೆಗೆದೆ. ತಮ್ಮನ ಪ್ರತಿಗೆ ಇನ್ನೊಂದು ಚೂರು: “ಬಾಗಿಲು ತೆಗೆದಿಟ್ಟು ಹೋಗು.” ಸೂಜಿಯ ಪುಟದಲ್ಲಿ ಯಾರ ಪ್ರತಿಯ ಮಾತು ಬರುತ್ತದೋ ಅವರೇ ಕಳ್ಳರು. ಎಷ್ಟು ಸಲೀಸು! ತಮ್ಮನ ಪ್ರತಿಯನ್ನು ಅವನ ಕೈಗೆ ಕೊಡುವಾಗ ನನ್ನ ಮುಖ ನೋಡಿ, “ಏನೋ, ನಿದ್ದೆ ಸರಿಯಾಗಿ ಮಾಡಿಲ್ವಾ? ಕಣ್ಣು ಕೆಂಪಗಿದೆ,” ಎಂದ. ಇಲ್ಲ ಎಂದು ಗೊಣಗಿ ಬಂದೆ.

ಒಂಬತ್ತು ದಿನ ಕಾದೆ. ಕತೆಗಾರ್ತಿಯ ಪ್ರತಿಯ ಮಾತು ಬರಲಿ, ಗೆರೆಮಾಮನದಾದರೂ ಬರಲಿ ಎಂದು ಒಂದು ಕಡೆ ಬೇಡಿಕೊಳ್ಳುತ್ತಿದ್ದೆ. ಇನ್ನೊಂದು ಕಡೆ, ನನ್ನ ಲೆಕ್ಕ ಸರಿಯಾಗಲಿ ಅನ್ನುವ ಹಾಳು ಹಟವೂ ಇತ್ತು. ಅದನ್ನೂ ಹೇಳಿಬಿಡುತ್ತೇನೆ.

ಬುಧವಾರ ಒಂಬತ್ತಕ್ಕೆ ಸೂಜಿ ಚುಚ್ಚಿತು. “ಬೀಗದಜ್ಜಿಯ ಕೊನೆಯ ಮಾತು ಸಿಕ್ಕಿದೆ: ಬಾಗಿಲು ತೆಗೆದಿಟ್ಟು ಹೋಗು.”

ತಮ್ಮನ ಪ್ರತಿಯ ಮಾತು. ನಾನು ಯೋಚಿಸಿದ್ದು ಬೇರೆ. ಮೊದಲು ಅವನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋಗಿ ನಾಲ್ಕು ಬಾರಿಸಿ, ಆಮೇಲೆ ಅವನ ಬಾಯಿಂದಲೇ ಮೇಡಂಗೆ ಹೇಳಿಸಬೇಕು ಅಂತ. ಅಷ್ಟರಲ್ಲಿ ಕರೆ ಬಂತು. ಎಲ್ಲರೂ ಒಳಗೆ ಕೂರುವ ಮುಂಚೆಯೇ ಕತೆಗಾರ್ತಿ ಕೂಗಾಡತೊಡಗಿದಳು.

“ಮೇಡಂ, ನಾನು ಹಾಗೆ ಬರೆದೇ ಇಲ್ಲ! ನನ್ನ ಸ್ಕ್ರಿಪ್ಟಲ್ಲಿರೋದು ‘ಹಾಕಿಕೊಂಡು ಹೋಗು’. ಇದ್ಯಾರು ಬದಲಾಯಿಸಿದ್ದು?”

ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು. “ಅಕ್ಷರ ನಿಮ್ದಲ್ವಾ?”

ಎಲ್ಲರೂ ನನ್ನನ್ನೇ ನೋಡಿದರು. ಗೆರೆಮಾಮ ಕೂಡ ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿದರು. ಇಪ್ಪತ್ತಾರು ವರ್ಷ ದುಡಿದ ಜಾಗದಲ್ಲಿ ನಾನು ಕಳ್ಳನಾಗಿ ಕೂತಿದ್ದೆ. ಎದ್ದು ನಿಂತೆ. ಮೂರು ಪ್ರತಿ, ಮೂರು ಮಾತು, ಯಾರಿಗೆ ಯಾವುದು ಅನ್ನುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ತಮ್ಮನ ಕಡೆ ಬೆರಳು ತೋರಿಸಿದೆ. “‘ತೆಗೆದಿಟ್ಟು’ ಅಂತ ಇದ್ದಿದ್ದು ಇವನ ಪ್ರತೀಲಿ ಮಾತ್ರ. ಅಚ್ಚಿಗೆ ಹೋಗಿರೋ ನನ್ನ ಮೂಲ ಹಾಳೇಲಿ ಸರಿಯಾಗೇ ಇದೆ, ಬೇಕಾದ್ರೆ ನೋಡ್ಕೊಳ್ಳಿ.”

ಮೇಡಂ ತಟ್ಟನೆ ತಮ್ಮನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅವನು ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ಅವರಿಬ್ಬರ ನಡುವೆಯೂ ಏನೋ ಗುಟ್ಟಿದೆ ಅನ್ನುವ ಅನುಮಾನ ಆಗಲೇ ನನಗೆ ಹತ್ತಿತು.

“ನೀನೇನಾದ್ರೂ ಹೇಳೋದಿದ್ಯಾ?” ಮೇಡಂ ಕೇಳಿದರು. “ಇದ್ರೆ ಈಗ್ಲೇ ಹೇಳು.”

ಅವನು ನನ್ನನ್ನು ನೋಡಿದ. ಕೋಪದ ನೋಟವಲ್ಲ. ದಾರಿಯಲ್ಲಿ ಗುರುತಿನವರು ಅಂದುಕೊಂಡು ಹತ್ತಿರ ಬಂದು, ಅಲ್ಲ ಅಂತ ಗೊತ್ತಾದಾಗ ನೋಡುತ್ತೇವಲ್ಲ, ಹಾಗೆ.

“ಏನಿಲ್ಲ ಮೇಡಂ,” ಎಂದ.

“ಮತ್ತೊಂದ್ಸಲ ಕೇಳ್ತೀನಿ.”

“ಏನೂ ಇಲ್ಲ.”

ಹನ್ನೆರಡು ಗಂಟೆಗೆ ಅವನು ತನ್ನ ಲೋಟ, ಸ್ವೆಟರು, ಮಗಳು ಬರೆದ ಒಂದು ಚಿತ್ರ ತೆಗೆದುಕೊಂಡು ಹೊರಟುಹೋದ. ನಾನು ತಲೆ ಎತ್ತದೆ ನಿಬ್ಬು ತೊಳೆಯುತ್ತಿದ್ದೆ. ಗೆರೆಮಾಮ ನನ್ನ ಪಕ್ಕ ಹಾದುಹೋಗುವಾಗ ನಿಂತು, “ನನ್ನ ಮೇಲೂ ಬಲೆ ಬೀಸಿದ್ಯೇನಯ್ಯಾ?” ಎಂದರು. ಹೌದು ಎಂದೆ. “ಭೇಷ್,” ಎಂದು ಹೋದರು.

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ತಟ್ಟೆ ತೊಳೆಯುವ ಸದ್ದು ಮಾತ್ರ ಜೋರಾಯಿತು.

ಮುಂದಿನ ಬುಧವಾರ ಕಳ್ಳನಿಲ್ಲದ ಮೊದಲ ಬುಧವಾರ. ಒಂಬತ್ತಕ್ಕೆ ಫೋನು ನೋಡಿದೆ. “ಇನ್ನೂರೊಂದನೇ ಸಂಚಿಕೆಯಿಂದ ಅಜ್ಜಿಯ ಪಿನ್ನು ಮೊಮ್ಮಗಳ ಕೈಗೆ. ಮೊದಲ ಬೀಗ: ಅಜ್ಜಿಯದೇ ಪೆಟ್ಟಿಗೆ.”

ಇದು ನನಗೇ ಗೊತ್ತಿರಲಿಲ್ಲ. ಕತೆಗಾರ್ತಿ ಇನ್ನೂ ನನಗೆ ಸ್ಕ್ರಿಪ್ಟ್ ಕೊಟ್ಟಿರಲಿಲ್ಲ. ತಮ್ಮನಿಗಂತೂ ಗೊತ್ತಾಗುವ ದಾರಿಯೇ ಇರಲಿಲ್ಲ. ಅವನು ಹೋಗಿ ವಾರವಾಗಿತ್ತು.

ಮಾರಾಟ ವಿಭಾಗದ ಕೋಣೆ ಕೆಳಗಡೆ ಇದೆ, ಅಚ್ಚಿನ ಕಟ್ಟುಗಳ ಹಿಂದೆ. ಅಲ್ಲಿಗೆ ನಾನು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಆ ದಿನ ಹೋದದ್ದು ಕೂಡ ಅನುಮಾನದಿಂದಲೇ, ಮಾರಾಟದವನ ಮುಖ ಒಮ್ಮೆ ನೋಡೋಣ ಅಂತ. ಅವನು ಚಹಾ ಕುಡಿಯುತ್ತಾ ಪಟ್ಟಿ ಮಡಿಸಿ ಮಡಿಸಿ ಲಕೋಟೆಗೆ ತುಂಬುತ್ತಿದ್ದ. ಅವನ ಹಿಂದೆ ಗೋಡೆಯ ಮೇಲೆ ಅಜ್ಜಿಯ ಕೊನೆಯ ಪುಟ, ಬಣ್ಣದಲ್ಲಿ, ದೊಡ್ಡದಾಗಿ ಅಂಟಿತ್ತು. ಗುಳ್ಳೆಯಲ್ಲಿ ನನ್ನ ಅಕ್ಷರ. ‘ಬಾಗಿಲು ತೆಗೆದಿಟ್ಟು ಹೋಗು.’

“ಇದು ನಿಮಗೆಲ್ಲಿ ಸಿಕ್ತು?”

“ಇದಾ? ಪ್ರೆಸ್ಸಿಗೆ ಹೋಗೋ ಫೈಲಲ್ಲಿ ತೆಗೆದಿದ್ದು. ಚೆನ್ನಾಗಿದೆ ಅಲ್ವಾ? ಸೋಮವಾರದ ಪಟ್ಟಿ ಜೊತೆ ಅಂಗಡಿಗಳಿಗೆಲ್ಲ ಕಳಿಸಿದ್ವಿ. ಆರ್ಡರ್ ಸುರಿದುಬಂತು ನೋಡಿ.”

“ಅಜ್ಜಿ ಸಾಯ್ತಾಳೆ ಅಂತ ಅಂಗಡಿಯವರಿಗೆ ಮೊದಲೇ ಹೇಳಿದ್ರಾ?”

“ಹೇಳ್ದೆ ಹೇಗೆ ಸಾರ್ ಆರ್ಡರ್ ತಗೊಳ್ಳೋದು? ಮುಂದಿನ ಸಂಚಿಕೇಲಿ ಏನು ವಿಶೇಷ ಅಂತ ಎರಡು ಸಾಲು ಮೇಡಮ್ಮೇ ಬರೆದು ಕಳಿಸ್ತಾರಲ್ಲ.” ಒಂದು ಪಟ್ಟಿ ನನ್ನ ಕಡೆ ನೂಕಿದ. “ನೋಡಿ, ಕೆಳಗೆ ‘ಅಂಗಡಿಯವರಿಗೆ ಮಾತ್ರ’ ಅಂತ ಹಾಕಿದೀವಿ. ಗುಟ್ಟಿನ ವಿಷಯ.”

ಮುನ್ನೂರು ಅಂಗಡಿಗೆ ಹೋಗುವ ಗುಟ್ಟು! ಇನ್ನೊಂದು ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನನ್ನ ಕಣ್ಣು ಮಾತ್ರ ಗೋಡೆಯ ಮೇಲಿನ ಗುಳ್ಳೆಯಿಂದ ಕದಲಲಿಲ್ಲ.

“ಅಲ್ಲಯ್ಯಾ, ಪ್ರೆಸ್ಸಿನ ಫೈಲಲ್ಲಿ ಈ ಮಾತು ಹೇಗೆ ಬಂತು? ನನ್ನ ಮೂಲ ಹಾಳೆ ಹೋಗೋದು ಶುಕ್ರವಾರ.”

“ನಿಮ್ಮ ಹಾಳೆ?” ಅವನು ಲೋಟ ಕೆಳಗಿಟ್ಟ. “ಅದು ಬೀರುಲಿದೆಯಲ್ಲ ಸಾರ್. ಪ್ರೆಸ್ಸಿಗೆ ಗುರುವಾರ ಸಂಜೇನೇ ಹೋಗ್ಬೇಕು. ಬಣ್ಣದವರೇ, ನಿಮ್ಮ ತಮ್ಮ, ಜೆರಾಕ್ಸಿಂದ ನಿಮ್ಮ ಅಕ್ಷರ ಕಂಪ್ಯೂಟರಿಗೆ ಎತ್ತಿ, ಕಲೆ ತೊಳೆದು, ಪುಟಕ್ಕೆ ಕೂರಿಸಿ ಕಳಿಸ್ತಿದ್ರು. ಮೂರು ವರ್ಷದಿಂದ ಹಾಗೇ ಅಲ್ವಾ?” ನನ್ನ ಮುಖ ನೋಡಿ ಅವನ ದನಿ ಇಳಿಯಿತು. “ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಬೀರು ಮೇಡಂ ಕೋಣೆಯ ಪಕ್ಕದ ಓಣಿಯಲ್ಲಿತ್ತು. ಬೀಗವಿರಲಿಲ್ಲ. ಒಳಗೆ ನನ್ನ ಖಾಕಿ ಕವರುಗಳು, ಮೂರು ವರ್ಷದ ಶುಕ್ರವಾರಗಳು, ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟಿದ್ದವು. ಒಂದನ್ನೂ ಯಾರೂ ಬಿಚ್ಚಿರಲಿಲ್ಲ. ಪ್ರತಿ ಕವರಿನ ಮೂಲೆಯಲ್ಲಿ ತಮ್ಮನ ಕೈಬರಹದಲ್ಲಿ ಸಂಚಿಕೆಯ ಸಂಖ್ಯೆ, ತಾರೀಖು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಮಾನವಾಯಿತು, ನಾಚಿಕೆಯಾಯಿತು. ಅವನ ಪರದೆಯ ಮೇಲೆ ಏನಿರುತ್ತಿತ್ತು, ಗುರುವಾರ ಯಾರ ಜೊತೆ ಮಾತಾಡುತ್ತಿದ್ದ ಅನ್ನುವುದೆಲ್ಲ ಒಂದೊಂದಾಗಿ ಗೊತ್ತಾಗುತ್ತಾ ಹೋಯಿತು. ಅವನ ಪ್ರತಿಯೇ ಎಲ್ಲರ ಪ್ರತಿ. ಅದರಲ್ಲಿದ್ದ ಮಾತು ಪ್ರೆಸ್ಸಿಗೆ, ಮಾರಾಟಕ್ಕೆ, ಮುನ್ನೂರು ಅಂಗಡಿಗೆ, ಸೂಜಿಗೆ ಹೋಗಿತ್ತು. ನನ್ನ ಬಲೆಯಲ್ಲಿ ಬೀಳಲು ಅವನು ಏನೂ ಮಾಡಬೇಕಾಗಿರಲಿಲ್ಲ. ಎಂದಿನ ಹಾಗೆ ಕೆಲಸ ಮಾಡಿದ್ದರೆ ಸಾಕಿತ್ತು.

ಅವನ ಮನೆಗೆ ಹೋದಾಗ ಮೂರು ಗಂಟೆ. ಅವನ ಹೆಂಡತಿ ಬಾಗಿಲು ತೆಗೆದು, “ಬನ್ನಿ ಭಾವ,” ಎಂದು ನನ್ನ ಮುಖ ನೋಡದೆ ಒಳಗೆ ಹೋದಳು. ಅವನು ಹಿಂದಿನ ಕೋಣೆಯಲ್ಲಿ ಕಿಟಕಿಯ ಚೌಕಟ್ಟಿಗೆ ಹಸಿರು ಬಣ್ಣ ಹೊಡೆಯುತ್ತಿದ್ದ. ನನ್ನನ್ನು ಕಂಡು ಸ್ಟೂಲು ಎಳೆದು ಕೊಟ್ಟ.

“ಬೀರು ನೋಡ್ದೆ ಕಣೋ,” ಎಂದೆ.

“ಹ್ಞೂಂ.”

“ಮೂರು ವರ್ಷ ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬರೆಯೋದು ನಿಲ್ಲಿಸಿಬಿಡ್ತಿದ್ದೆ.” ಕುಂಚವನ್ನು ಡಬ್ಬದ ಅಂಚಿಗೆ ಒರೆಸಿದ. “ಮೇಡಂ ಕಂಪ್ಯೂಟರ್ ಅಕ್ಷರಾನೇ ಹಾಕೋಣ, ಕೈಬರಹಕ್ಕೆ ಕಾಯಕ್ಕಾಗಲ್ಲ ಅಂದ್ರು. ನಾನು ಕೂರಿಸಿ ಕೊಡ್ತೀನಿ, ಅವನು ಬರೀಲಿ ಅಂದೆ. ನಿಂಗೆ ಹೇಳ್ಬೇಡಿ ಅಂತಾನೂ ನಾನೇ ಅಂದಿದ್ದು.”

“ಅವತ್ತು ಎಲ್ಲರ ಮುಂದೆ ಇದನ್ನ ಹೇಳಿದ್ರೆ ಮುಗಿದುಹೋಗ್ತಿತ್ತಲ್ಲೋ!”

“ಎಲ್ಲರ ಮುಂದೆ ಹೇಗೋ ಹೇಳ್ಲಿ, ನಿನ್ನ ಹಾಳೆ ಯಾರೂ ಮುಟ್ಟಲ್ಲ ಅಂತ?”

ಅಲ್ಲಿಗೆ ಬಿಡುವ ಜಾಯಮಾನ ನನ್ನದಲ್ಲ. ಅದಕ್ಕೆ ಕೇಳಿದೆ: “ಮಾತು ಬದಲಾಗಿದ್ದು ನಿಂಗೆ ಗೊತ್ತಾಗ್ಲಿಲ್ವಾ?”

“ಗೊತ್ತಾಗ್ದೆ ಏನು. ಸ್ಕ್ರಿಪ್ಟ್ ಪಕ್ಕದಲ್ಲೇ ಇಟ್ಕೋತೀನಿ. ನೀನು ಒತ್ತು ನುಂಗಿರ್ತೀಯ, ದೀರ್ಘ ಬಿಟ್ಟಿರ್ತೀಯ, ನಾನೇ ನಿನ್ನ ಬೇರೆ ಅಕ್ಷರದಿಂದ ಕತ್ತರಿಸಿ ತಂದು ಸೇರಿಸ್ತೀನಿ. ಇದನ್ನೂ ತಿದ್ದೋಣ ಅಂತ ಕೈ ಹೋಯ್ತು. ಆಮೇಲೆ ಇನ್ನೊಂದ್ಸಲ ಓದ್ದೆ. ಜೀವಮಾನ ಪೂರ್ತಿ ಬೀಗ ತೆಗೆದವಳು ಸಾಯೋ ಹೊತ್ತಲ್ಲಿ ಬಾಗಿಲು ಹಾಕ್ಕೊಂಡು ಹೋಗು ಅಂತಾಳಾ? ತೆಗೆದಿಟ್ಟು ಹೋಗು ಅಂತಾಳೆ. ಅಣ್ಣ ಇಷ್ಟು ವರ್ಷಕ್ಕೆ ತಾನೇ ಒಂದು ಮಾತು ಯೋಚನೆ ಮಾಡಿ ಬರೆದಿದಾನೆ ಅಂದ್ಕೊಂಡೆ.” ಸ್ವಲ್ಪ ನಕ್ಕ. “ಖುಷಿಯಾಯ್ತು ಕಣೋ. ಬಿಟ್ಟೆ.”

ಒಳಗೆ ಅವನ ಹೆಂಡತಿ ಡಬ್ಬಗಳನ್ನು ಎತ್ತಿಡುತ್ತಿದ್ದಳು.

“ಒಂದು ಕೇಳ್ಲಾ?” ಎಂದ. “ಕತೆಯವರಿಗೆ ಇದ್ದ ಮಾತನ್ನೇ ಕೊಟ್ಟೆ. ಗೆರೆಮಾಮನಿಗೂ ಹೆಚ್ಚುಕಮ್ಮಿ ಅದೇ. ನಂಗೆ ಮಾತ್ರ ಪೂರ್ತಿ ತಿರುಗಿಸಿ ಬರೆದೆ. ನಿಜವಾಗ್ಲೂ ನಿಂಗೆ ಯಾರ ಮೇಲೆ ಅನುಮಾನ ಇತ್ತು?”

ಸುಳ್ಳು ಹೇಳಬಹುದಿತ್ತು. ಮೂವರ ಮೇಲೂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಅವನು ಅಷ್ಟು ಮಾಡಿದ್ದಾನೆ, ನಾನು ನಿಜವನ್ನಾದರೂ ಹೇಳಬೇಕು ಅನ್ನಿಸಿತು.

“ನಿನ್ನ ಮೇಲೇ,” ಎಂದೆ.

“ಮೊದಲಿಂದ್ಲೂ?”

“ಮೊದಲಿಂದ್ಲೂ.”

ಅವನು ಕುಂಚವನ್ನು ಬಣ್ಣದಲ್ಲಿ ಅದ್ದಿ ಚೌಕಟ್ಟಿನ ಕೆಳಗಿನ ಅಂಚಿಗೆ ಹೋದ. ಅಲ್ಲಿ ಹೊಡೆಯುವುದು ಮುಗಿಯುವವರೆಗೂ ತಿರುಗಲಿಲ್ಲ. ಮೇಡಂಗೆ ಎಲ್ಲ ಹೇಳುತ್ತೇನೆ, ಕೆಲಸ ವಾಪಸು ಕೊಡಿಸುತ್ತೇನೆ ಎಂದೆ. “ಹೇಳು. ಕೆಲಸ ಬೇಕೇ ಬೇಕು,” ಎಂದ. ಚಹಾ ಕುಡಿದು ಹೋಗು ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಎದುರು ನಿಂತು ಎಲ್ಲ ಒದರಿದೆ. ಬಲೆ ನನ್ನದು, ತಪ್ಪು ನನ್ನದು, ಕಳಿಸುವುದಿದ್ದರೆ ನನ್ನನ್ನು ಕಳಿಸಿ ಎಂದೆ. ಮಾರಾಟದ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ತಾವೇ ಬರೆದ ಎರಡು ಸಾಲನ್ನು ಅವರು ಮೂರು ಸಲ ಓದಿದರು. ಕನ್ನಡಕ ತೆಗೆದು ತಲೆಯ ಮೇಲೆ ಇಟ್ಟುಕೊಂಡರು.

“ಅವತ್ತೇ ನಂಗೆ ಅನ್ನಿಸ್ತು, ಇದು ಸಾಕ್ಷಿ ಆಗಲ್ಲ ಅಂತ,” ಎಂದರು. “ಅವನಾಗೇ ಬಾಯಿ ಬಿಡ್ಲಿ ಅಂತ ಎರಡು ಸಲ ಕೇಳ್ದೆ. ಅವನು ಬಿಡ್ಲಿಲ್ಲ. ನಾನು ಹೇಳ್ಬೇಕಿತ್ತು.” ಆಮೇಲೆ ನನ್ನೆದುರಿಗೇ ಅವನಿಗೆ ಫೋನು ಮಾಡಿ ಕ್ಷಮೆ ಕೇಳಿದರು. ನನ್ನನ್ನು ಕಳಿಸಲಿಲ್ಲ. ಕಳಿಸಿದ್ದರೆ ಒಳ್ಳೆಯದಿತ್ತೇನೋ.

ಇನ್ನೂರನೇ ಸಂಚಿಕೆ, ಆಗಲೇ ಅಚ್ಚಾಗಿಹೋಗಿದ್ದ ಆ ಮಾತಿನೊಂದಿಗೇ, ಬಿಡುಗಡೆಯಾಯಿತು. ಮೂರೇ ದಿನದಲ್ಲಿ ಖಾಲಿ. ಅಜ್ಜಿಯ ಕೊನೆಯ ಮಾತು ಓದಿ ಅತ್ತೆವೆಂದು ಓದುಗರು ಬರೆದರು. ವರ್ಷದ ಅತ್ಯುತ್ತಮ ಸಾಲು ಅಂತ ಸೂಜಿಯೂ ಬರೆಯಿತು. ಕತೆಗಾರ್ತಿ ಒಂದು ವಾರ ಹಲ್ಲು ಕಡಿದಳು, ಎರಡನೇ ವಾರ ಒಂದು ಸಂದರ್ಶನದಲ್ಲಿ ಆ ಸಾಲು ತನಗೆ ಹೇಗೆ ಹೊಳೆಯಿತು ಎಂದು ವಿವರಿಸಿದಳು. ನಾನು ಚಕಾರ ಎತ್ತಲಿಲ್ಲ.

ಅದೆಲ್ಲ ಆಮೇಲಿನ ಮಾತು. ಮೇಡಂ ಫೋನು ಮಾಡಿದ ಮುಂದಿನ ಸೋಮವಾರವೇ ತಮ್ಮ ಕೆಲಸಕ್ಕೆ ಬಂದ. ಲೋಟ, ಸ್ವೆಟರು, ಮಗಳ ಚಿತ್ರ ಮೊದಲಿದ್ದ ಜಾಗಕ್ಕೆ ಬಂದವು. ಅವನ ಬಾಗಿಲ ಹತ್ತಿರ ಎರಡು ಸಲ ಹೋಗಿ ವಾಪಸಾದೆ. ಅವನು ಪರದೆ ಬದಲಾಯಿಸಲಿಲ್ಲ. ತಿರುಗಿಯೂ ನೋಡಲಿಲ್ಲ.

ಬುಧವಾರ ಮಧ್ಯಾಹ್ನ ಅವನೇ ನನ್ನ ಮೇಜಿಗೆ ಬಂದ, ಇನ್ನೂರೊಂದನೇ ಸಂಚಿಕೆಯ ಮೊದಲ ಪುಟ ಹಿಡಿದುಕೊಂಡು. ಪುಟದ ಕೆಳಗೆ ಹೊಸದಾಗಿ ಒಂದು ಚೌಕ ಎಳೆದಿತ್ತು, ಸಹಿಗೆ.

“ನಾಲ್ಕನೇ ಗುಳ್ಳೇಲಿ ಒಂದು ಒತ್ತು ಬಿಟ್ಟುಹೋಗಿದೆ,” ಎಂದ. “ನಾನು ಮುಟ್ಟಿಲ್ಲ. ನೀವು ಸರಿಮಾಡಿ ಸಹಿ ಹಾಕಿ ಕೊಡಿ.”

ಕೇಳಿಸಿದ್ದು ತಪ್ಪೇನೋ ಎಂದು ಅವನ ಮುಖ ನೋಡಿದೆ. ಮಾತು ಕಲಿತಾಗಿನಿಂದ ನನ್ನನ್ನು ‘ನೀನು’ ಅಂದವನು. ಹೊಡೆದಾಗಲೂ, ಜಗಳವಾಡಿದಾಗಲೂ, ಅಪ್ಪ ಹೋದ ದಿನ ನನ್ನ ಹೆಗಲ ಮೇಲೆ ಬಿದ್ದು ಅತ್ತಾಗಲೂ ‘ನೀನು’ ಅಂದವನು.

“ಲೋ, ಇದೇನೋ ಹೊಸದಾಗಿ, ನೀವು ಗೀವು ಅಂತ...” ನಗುತ್ತಾ ಹೇಳಬೇಕೆಂದುಕೊಂಡೆ. ನಗು ಬರಲಿಲ್ಲ.

“ನಾಳೆ ಮಧ್ಯಾಹ್ನದೊಳಗೆ ಕೊಟ್ರೆ ಸಾಕು,” ಎಂದ. “ಏನಾದ್ರೂ ಸಂದೇಹ ಇದ್ರೆ ಕೇಳಿ.”

ಈಗಲೇ ಕೊಡುತ್ತೇನೆ, ನಿಲ್ಲು ಎಂದೆ. ಅವನು ಕೈಕಟ್ಟಿಕೊಂಡು ಮೇಜಿನಿಂದ ಒಂದು ಹೆಜ್ಜೆ ದೂರ ನಿಂತ. ನಿಬ್ಬು ಅದ್ದಿ ನಾನು ಒತ್ತು ಬರೆದೆ. ಸ್ವಲ್ಪ ಸೊಟ್ಟಗಾಯಿತು. ಅವನು ಅದನ್ನು ನೋಡಿದ. ಸಹಿ ಹಾಕಿ ಕೊಟ್ಟೆ.

“ಥ್ಯಾಂಕ್ಸ್ ಸಾರ್,” ಎಂದು ತೆಗೆದುಕೊಂಡು ಹೋದ.